ತೊಟ್ಟಿಲಿನ ಜೇಡ

ಜೋಳದ ಹಿಟ್ಟು ಸೋಸಲು ಮಹಾದೇವಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತಳೆಂದರೆ ಸಾಕು, ಅವಳ ಗಂಡ ಮಡಿವಾಳೆಪ್ಪ ಎಲ್ಲಿದ್ದರೂ ಒಂದು ಬಟ್ಟಲು ಹಿಡಿದುಕೊಂಡು ಹಾಜರಾಗುತ್ತಿದ್ದ. ಜರಡಿಯಲ್ಲಿ ಉಳಿದ ನುಸಿ, ಹಿಟ್ಟಿನ ಹುಳ, ಯಾವುದಾದರೂ ಆಗಲಿ ಅವನಿಗೆ ಬೇಕು. ಮೂವತ್ತೆಂಟು ವರ್ಷ ಮಿಶ್ರಿಕೋಟಿಗೂ ಸುತ್ತಲ ಹಳ್ಳಿಗಳಿಗೂ ಟಪಾಲು ಹಂಚಿ, ಹಾರ ಹಾಕಿಸಿಕೊಂಡು ನಿವೃತ್ತನಾದ ಮನುಷ್ಯ. ಅಂಥವನು ಹೆಂಡತಿಯ ಎದುರು ಹುಳ ಬೇಡುತ್ತ ನಿಲ್ಲುವುದನ್ನು ಓಣಿಯವರು ನೋಡಿದರೆ ಏನೆಂದಾರು ಎಂದು ಮಹಾದೇವಕ್ಕನ ಜೀವ ಹಿಡಿಯಷ್ಟಾಗುತ್ತಿತ್ತು.

"ಇದನ್ನ ತಿನ್ನೂದು ನೀವೋ, ನಿಮ್ಮ ಮಕ್ಕಳೋ?" ಎಂದು ಅವಳು ದಿನವೂ ಕೇಳುವಳು.

"ನನ್ನ ಮಕ್ಕಳಿಗೆ ನಿನ್ನಿಯಿಂದ ಉಪಾಸ ಐತಿ. ಲಗೂನ ಕೊಡು," ಎಂದು ಅವನು ದಿನವೂ ಹೇಳುವನು.

ಆ ಮಕ್ಕಳೆಂದರೆ ಜೇಡಗಳು. ಪಡಸಾಲೆಯ ಗೋಡೆಯಲ್ಲಿ ಗೂಡಿನಂತೆ ಕೊರೆದ ಮಾಡದಲ್ಲಿ ಎಂಟು ಬಾಟಲಿಗಳು ಸಾಲಾಗಿ ಕೂತಿದ್ದವು. ಒಂದು ಕಾಲಕ್ಕೆ ಅವು ಮಹಾದೇವಕ್ಕನ ಉಪ್ಪಿನಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಬಾಟಲಿಗಳು. ಈಗ ಅವುಗಳ ಬಾಯಿಗೆ ಹಳೆಯ ಧೋತರದ ಚೂರು ಬಿಗಿದು, ಒಳಗೊಂದು ಟೊಂಗೆ ನಿಲ್ಲಿಸಿ, ಒಂದೊಂದರಲ್ಲಿ ಒಂದೊಂದು ಜೇಡವನ್ನು ಅವನು ಇಟ್ಟಿದ್ದ.

ಈ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ಮೊಣಕಾಲು ನೋವಿಗೆ ಡಾಕ್ಟರು ಅಡ್ಡಾಡಲು ಹೇಳಿದರು. ಅವನಿಗೆ ಅಡ್ಡಾಡಲು ಗೊತ್ತಿದ್ದದ್ದು ಹಳೆಯ ಟಪಾಲಿನ ದಾರಿಯೊಂದೇ. ಹಂಚಲು ಕಾಗದವಿಲ್ಲದೆ ಬರಿಗೈಯಲ್ಲಿ ಹೋಗುವವನ ಕಣ್ಣು ಬೇಲಿಗಳ ಮೇಲೆ ಬಿತ್ತು. ಒಂದು ದಿನ ಬಲೆಯ ನಡುವೆ ದಪ್ಪ ಬಿಳಿ ನೂಲಿನಿಂದ ಗೀಚಿಕೊಂಡು ಕೂತ ಜೇಡವೊಂದನ್ನು ಬಾಟಲಿಯಲ್ಲಿ ತಂದ. ಸೊಸೆ ನೇತ್ರಾ ಬಿ.ಎಸ್ಸಿ. ಓದಿದವಳು. ಅವಳು ಫೋಟೋ ತೆಗೆದು, ಜೇಡ ಬಲ್ಲವರ ಗುಂಪಿಗೆ ಕಳಿಸಿ, ಇದು ಸಹಿ ಮಾಡುವ ಜೇಡವಂತೆ ಎಂದು ತಿಳಿಸಿದಳು. ರಿಜಿಸ್ಟರ್ ಕಾಗದಕ್ಕೆ ಊರ ಮಂದಿಯಿಂದೆಲ್ಲ ಸಹಿ ಹಾಕಿಸಿಕೊಂಡವನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಮಾವ ಸೊಸೆ ಒಂದು ಪಕ್ಷ. ಮಗ ಸಂಗನಬಸವ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಮೊದಲನೇ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವವನು. ಜಾಣ, ಯಾವ ಪಕ್ಷಕ್ಕೂ ಸೇರಲಿಲ್ಲ.

ಪ್ರತಿ ಬಾಟಲಿಗೂ ಮಡಿವಾಳೆಪ್ಪ ಚೀಟಿ ಅಂಟಿಸುತ್ತಿದ್ದ. ಸಿಕ್ಕ ದಿನ, ಜಾತಿ, ಕೆಳಗೆ ಪೂರ್ತಿ ವಿಳಾಸ: "ಬಾಬಾಸಾಬನ ಹೊಲ, ಮೂಡಣ ಬದುವು, ಬಾರಿ ಗಿಡ, ಎಡಗಡೆಯ ಎರಡನೇ ಟೊಂಗೆ, ಮಿಶ್ರಿಕೋಟಿ." ಹದಿನೈದು ದಿನ ಸಾಕಿ, ನೋಡಿ, ವಹಿಯಲ್ಲಿ ಬರೆದುಕೊಂಡು, ಅದೇ ಗಿಡದ ಅದೇ ಟೊಂಗೆಗೆ ಮುಟ್ಟಿಸಿ ಬರುವನು. ಬಾಬಾಸಾಬ ನಕ್ಕು ನಕ್ಕು ಸಾಕಾಗಿ, ಈಗೀಗ ತಾನೇ ಹೊಸ ಜೇಡ ಕಂಡರೆ ಕರೆದು ತೋರಿಸುತ್ತಿದ್ದ.

"ಅಷ್ಟು ಪ್ರೀತಿ ಇದ್ರ ಮತ್ಯಾಕ ಬಿಟ್ಟ ಬರ್ತೀರಿ?" ಎಂದು ಮಹಾದೇವಕ್ಕ ಒಮ್ಮೆ ಕೇಳಿದ್ದಳು.

"ನಂದಲ್ಲಲ್ಲ ಅದು. ನನ್ನ ಕೈಯಾಗ ಬಂದದ್ದು ಅಷ್ಟ. ವಿಳಾಸ ಬ್ಯಾರೇನ ಐತಿ," ಎಂದಿದ್ದ.

ಇದೆಲ್ಲ ಹೀಗೇ ಜಗಳವಾಡುತ್ತ, ನಗುತ್ತ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಸೀಮಂತದ ಕುಬಸ ಮುಗಿಸಿಕೊಂಡು ಮಗಳು ಅಮೃತಾ ಚೊಚ್ಚಲ ಹೆರಿಗೆಗೆ ಕುಂದಗೋಳದಿಂದ ತವರಿಗೆ ಬಂದಳು.

ಈ ಬಾಣಂತನಕ್ಕಾಗಿ ಮಹಾದೇವಕ್ಕ ಕಾದಿದ್ದು ಇಂದು ನಿನ್ನೆಯಿಂದಲ್ಲ. ಅವಳು ಚೊಚ್ಚಲ ಬಸುರಿಯಾಗಿದ್ದಾಗ ಅವಳ ತಾಯಿ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡಲು ಹೇಳಿ, ತೊಟ್ಟಿಲು ತಯಾರಾಗುವ ಮೊದಲೇ ತೀರಿಕೊಂಡಳು. ತೊಟ್ಟಿಲು ಬಂತು, ತಾಯಿ ಬರಲಿಲ್ಲ. ಅಂಟಿನ ಉಂಡಿ ಕಟ್ಟಿಕೊಡುವವರಿಲ್ಲದೆ, ಎಣ್ಣೆ ಹಚ್ಚಿ ಎರೆಯುವವರಿಲ್ಲದೆ ಅವಳ ಎರಡೂ ಬಾಣಂತನ ಹೇಗೋ ಸಾಗಿದವು. ತನಗಾಗದ್ದನ್ನೆಲ್ಲ ಮಗಳಿಗೆ ಮಾಡಬೇಕು, ಕೂಸನ್ನು ಅದೇ ತೊಟ್ಟಿಲಿಗೆ ಹಾಕಬೇಕು ಎಂಬುದೊಂದೇ ಅವಳ ಆಸೆ. ಅಂಟು, ಒಣಕೊಬ್ಬರಿ, ಅಳವಿ, ಉತ್ತತ್ತಿ ತಂದು ಡಬ್ಬಿ ತುಂಬಿಟ್ಟಿದ್ದಳು.

ಆದರೆ ಅಮೃತಾಗೆ ಜೇಡವೆಂದರೆ ಚಿಕ್ಕಂದಿನಿಂದಲೂ ಮೈ ಜುಮ್ಮೆನ್ನುವಷ್ಟು ಅಂಜಿಕೆ. ಬಂದ ದಿನವೇ ಮಾಡದ ಕಡೆ ನೋಡಿ, ಬೆನ್ನು ಮಾಡಿ ಕೂತು ಊಟ ಮಾಡಿದಳು. ಒಂದು ವಾರ ಹೇಗೋ ತಡೆದಳು. ಒಂದು ಮಧ್ಯಾಹ್ನ ಬಾಚಣಿಕೆ ತೆಗೆದುಕೊಳ್ಳಲು ಕೈ ಚಾಚಿದಾಗ ಮೊಣಕೈ ತಗುಲಿ ತುದಿಯ ಬಾಟಲಿ ಕೆಳಗೆ ಬಿದ್ದು ಒಡೆಯಿತು. ಅದರಲ್ಲಿದ್ದ ಅಂಗೈಯಗಲದ ಕಂದು ಜೇಡ ಸರ್ರನೆ ಓಡಿ ಅವಳ ಮಡಿಚಿಟ್ಟ ಸೀರೆಗಳೊಳಗೆ ಸೇರಿಕೊಂಡಿತು. ಮಡಿವಾಳೆಪ್ಪ ಬಂದು ಅದನ್ನು ಹುಡುಕಿ ಹಿಡಿಯುವ ಹೊತ್ತಿಗೆ ಅಮೃತಾ ಹೊರಗೆ ಕಟ್ಟೆಯ ಮೇಲೆ ಕೂತು ಫೋನು ಹಿಡಿದಿದ್ದಳು.

"ಯವ್ವಾ, ನಾ ಕುಂದಗೋಳಕ್ಕ ಹೋಗ್ತೀನಿ. ಅಲ್ಲೇ ಅತ್ತಿಯವರು ಬಾಣಂತನ ಮಾಡ್ತಾರ."

ಮಹಾದೇವಕ್ಕನ ಇಷ್ಟು ದಿನದ ತಯಾರಿಯೆಲ್ಲ ಆ ಒಂದು ಮಾತಿನಲ್ಲಿ ಕುಸಿದಂತಾಯಿತು. ಒಂದು ದಿನ ತಡಿ ಎಂದು ಮಗಳ ಗಲ್ಲ ಹಿಡಿದು ಬೇಡಿಕೊಂಡಳು. ಆ ರಾತ್ರಿಯ ಊಟಕ್ಕೆ ಅವಳು ರೊಟ್ಟಿಯನ್ನು ತಟ್ಟಿದ ಸಪ್ಪಳದಲ್ಲೇ ಮನೆಯವರಿಗೆಲ್ಲ ಹವಾ ತಿಳಿಯಿತು. ಗಂಡನ ತಾಟಿಗೆ ಬದನೆಕಾಯಿ ಬಡಿಸಿ, ಸೌಟು ಕೈಯಲ್ಲೇ ಹಿಡಿದು ನಿಂತಳು.

"ನಿಮಗ ಮಗಳು ಬೇಕೋ, ಹುಳ ಬೇಕೋ?"

"ಅತ್ತೀ, ಅವು ಏನೂ ಮಾಡೂದಿಲ್ರಿ, ಪಾಪದ..." ಎಂದು ನೇತ್ರಾ ಬಾಯಿ ಹಾಕಿದಳು.

"ನೀ ಸುಮ್ನಿರು. ನಿನ್ನ ಫೋನಿನಿಂದನ ಇಷ್ಟೆಲ್ಲಾ ಆಗಿದ್ದು."

ಮಡಿವಾಳೆಪ್ಪ ಮಗಳ ಬಾಡಿದ ಮುಖ ನೋಡಿದ. ಆಮೇಲೆ, "ನಾಳಿ ಎಲ್ಲಾ ಮುಟ್ಟಿಸಿ ಬರ್ತೀನಿ," ಎಂದು ರೊಟ್ಟಿ ಮುರಿದ. ಜಗಳಕ್ಕೆ ನಡ ಕಟ್ಟಿ ನಿಂತಿದ್ದ ಮಹಾದೇವಕ್ಕ ಇನ್ನೊಂದು ಸೌಟು ಬದನೆಕಾಯಿ ಬಡಿಸಿದಳು.

ಎರಡು ದಿನ ಮಾವನೂ ಸೊಸೆಯೂ ಸ್ಕೂಟರಿನ ಮೇಲೆ ಎಂಟು ವಿಳಾಸ ತಿರುಗಿದರು. ಒಡೆದುಹೋದ ಬಾಟಲಿಯ ಜೇಡವೂ ಸಕ್ಕರೆ ಡಬ್ಬಿಯಲ್ಲಿ ಕೂತು ತನ್ನ ಊರು ಸೇರಿತು. ಮಹಾದೇವಕ್ಕ ಉಳಿದ ಬಾಟಲಿಗಳನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದಳು. ಅಮೃತಾ ಮಾಡದ ಎದುರಿಗೇ ಕೂತು ಎರಡು ರೊಟ್ಟಿ ಹೆಚ್ಚು ಉಂಡಳು. ಎಲ್ಲ ಸರಿಯಾಗಿತ್ತು. ಆದರೆ ಗಂಡ ಕಟ್ಟೆಯ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂಡತೊಡಗಿದ. ನಿವೃತ್ತನಾದ ದಿನವೂ ಅವನು ಹೀಗೆ ಕೂತಿರಲಿಲ್ಲ. ಹಿಟ್ಟು ಸೋಸುವಾಗ ಬಟ್ಟಲು ಬರಲಿಲ್ಲ. ನುಸಿಗಳನ್ನು ಅಂಗಳಕ್ಕೆ ಚೆಲ್ಲುವಾಗ ಮಹಾದೇವಕ್ಕನಿಗೆ ಬೇಸರವಾಯಿತು, ತನಗೇ ಸಿಟ್ಟೂ ಬಂತು.

ಮುಂದಿನ ಸೋಮವಾರ ತೊಟ್ಟಿಲನ್ನು ಅಟ್ಟದಿಂದ ಇಳಿಸಿದರು. ಕೆಂಪು ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ. ತೊಳೆದು ಎಣ್ಣೆ ಹಚ್ಚಬೇಕೆಂದು ಹಿತ್ತಲಿಗೆ ಒಯ್ದು ಮಗ್ಗುಲಾಗಿ ನಿಲ್ಲಿಸಿದಾಗ, ಅಡಿಯ ಹಲಗೆಯ ಮೂಲೆಯಲ್ಲಿ ರೂಪಾಯಿಯಷ್ಟಗಲ ಒಂದು ಬಿಳಿ ಬಿಲ್ಲೆ ಅಂಟಿಕೊಂಡಿತ್ತು. ಕಾಗದದಂತೆ ತೆಳ್ಳಗೆ, ನುಣ್ಣಗೆ. ಅದರ ಮೇಲೆ ಬೂದು ಬಣ್ಣದ ಚಪ್ಪಟೆ ಜೇಡವೊಂದು ಕಾಲು ಹರಡಿ ಮಲಗಿತ್ತು. ಮಹಾದೇವಕ್ಕ ಕಸಬರಿಗೆ ಎತ್ತಿದಳು. ಮಡಿವಾಳೆಪ್ಪ ಅದನ್ನು ಹಿಡಿದುಕೊಂಡ.

"ಮಾದೇವಿ, ಎಂಟು ಬಿಟ್ಟೀನಿ. ಇದೊಂದು ಬಿಡು."

"ಕೂಸಿನ ತೊಟ್ಟಲದಾಗ?"

"ಅದರದೂ ಕೂಸಿನ ತೊಟ್ಟಲಾನ ಅಲ್ಲೇನ ಅದು?"

ನೇತ್ರಾ ಫೋನಿನಲ್ಲಿ ಕೇಳಿ ತಿಳಿದು ಹೇಳಿದಳು: ಬಿಲ್ಲೆಯೊಳಗೆ ತತ್ತಿ ಇವೆ, ಮರಿ ಹೊರಬೀಳಲು ಎರಡು ಮೂರು ವಾರ ಹಿಡಿಯಬಹುದು, ಅಲ್ಲಿಯವರೆಗೆ ತಾಯಿ ಅಲ್ಲಿಂದ ಕದಲುವುದಿಲ್ಲ, ಬಿಲ್ಲೆ ಕಿತ್ತರೆ ಮರಿ ಉಳಿಯುವುದು ಕಷ್ಟ. ಅಮೃತಾಗೆ ಡಾಕ್ಟರು ಕೊಟ್ಟ ತಾರೀಖಿಗೂ ಇನ್ನು ಮೂರೇ ವಾರ. ಮಹಾದೇವಕ್ಕ ಗಂಡನ ಮುಖ ನೋಡಿದಳು. ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ ಆ ಎರಡು ಕೈ ಈಗ ತನ್ನ ಕಸಬರಿಗೆಯನ್ನು ಗಟ್ಟಿಯಾಗಿ ಹಿಡಿದಿದ್ದವು.

"ಅಮವಾಸಿ ತನಕ," ಎಂದಳು. "ಅಮವಾಸಿ ದಿನ ನಾನ ಸುಡು ನೀರು ಹಾಕಿ ತೊಳಿಯಾಕಿ. ಅಮೃತಾಗ ಗೊತ್ತಾತೋ, ನೋಡ್ರಿ ಮತ್ತ."

ಹಾಗೆ ತೊಟ್ಟಿಲು ದನದ ಮನೆ ಸೇರಿತು. ತೊಟ್ಟಿಲೆಲ್ಲಿ ಎಂದು ಮಗಳು ಕೇಳಿದಾಗ ಮಹಾದೇವಕ್ಕ, ಅಗಸಿ ಎಣ್ಣೆ ಹಚ್ಚಿದ್ದೇನೆ, ನೆರಳಲ್ಲಿ ಆರಬೇಕು ಎಂದುಬಿಟ್ಟಳು. ಮಗಳಿಗೆ ಅವಳು ಹೇಳಿದ ಮೊದಲನೇ ದೊಡ್ಡ ಸುಳ್ಳು ಅದು. ಹೇಳಿದ ಮೇಲೆ ಒಲೆಯ ಮುಂದೆ ಕೂತು, ಈ ಮುದುಕನ ಸಲುವಾಗಿ ನಾನು ಎಂಥೆಂಥದನ್ನೆಲ್ಲ ಮಾಡಬೇಕಾಯಿತು ಎಂದು ಗೊಣಗಿಕೊಂಡಳು. ಸುಳ್ಳು ಬಯಲಾದರೆ ಮಗಳು ಮರುದಿನವೇ ಬಸ್ಸು ಹತ್ತುತ್ತಾಳೆಂಬುದು ಅವಳಿಗೆ ಗೊತ್ತಿತ್ತು. ಅಮೃತಾ ಹಿತ್ತಲಿಗೆ ಕಾಲಿಟ್ಟರೆ ಸಾಕು, ಒಂದಲ್ಲ ಒಂದು ಕೆಲಸ ಹೇಳಿ ಒಳಗೆ ಕರೆಯುವಳು. ಹೀಗಾಗಿ ಆ ಎರಡು ವಾರದಲ್ಲಿ ಬಸುರಿ ಮಗಳು ನಾಲ್ಕು ಸೇರು ಶೇಂಗಾ ಸುಲಿದಳು.

ಮಡಿವಾಳೆಪ್ಪ ಬೆಳಿಗ್ಗೆ ಎದ್ದವನೇ ದನದ ಮನೆಗೆ ಹೋಗಿ ತೊಟ್ಟಿಲ ಎದುರು ಕುಕ್ಕರಗಾಲಲ್ಲಿ ಕೂಡುವನು. ಚಹಾ ಕೊಡಲು ಮಹಾದೇವಕ್ಕ ಅಲ್ಲಿಗೇ ಹೋಗಬೇಕಾಯಿತು. ಮೊದಲ ದಿನ ಮುಖ ತಿರುವಿ ಲೋಟ ಕೊಟ್ಟಳು. ಮೂರನೇ ದಿನ ಒಂದು ಕಣ್ಣು ಹಾಕಿದಳು. ಜೇಡ ಹಾಗೇ ಇತ್ತು. ಆರನೇ ದಿನವೂ ಹಾಗೇ ಇತ್ತು, ಹೊಟ್ಟೆ ಮಾತ್ರ ಬತ್ತಿತ್ತು.

"ಏನೂ ತಿನ್ನೂದಿಲ್ಲೇನ್ರಿ ಇದು?"

"ನಾ ಕಂಡಂಗ ಒಂದ ನೊಣಾನೂ ಮುಟ್ಟಿಲ್ಲ. ಕುಂತಲ್ಲೇ ಕುಂತೈತಿ."

ಮಹಾದೇವಕ್ಕ ಮರುದಿನ ಹಿಟ್ಟು ಸೋಸಿದಾಗ ನುಸಿಗಳನ್ನು ಅಂಗಳಕ್ಕೆ ಚೆಲ್ಲದೆ ಕಡ್ಡಿಪೆಟ್ಟಿಗೆಯಲ್ಲಿ ತುಂಬಿಟ್ಟಳು. ಗಂಡ ಸಂತೆಗೆ ಹೋದ ಹೊತ್ತು ನೋಡಿ ದನದ ಮನೆಗೆ ಹೋಗಿ ಜೇಡದ ಮುಂದೆ ನಾಲ್ಕು ನುಸಿ ಬಿಟ್ಟಳು. ಅದು ಮುಟ್ಟಲಿಲ್ಲ. "ತಿನ್ನಬೇ ತಾಯಿ, ಯಾರೂ ನೋಡಾಕತ್ತಿಲ್ಲ," ಎಂದಳು. ಹೇಳಿದ ಮೇಲೆ ಸುತ್ತ ನೋಡಿದಳು. ಆಕಳೊಂದು ಬಿಟ್ಟರೆ ಯಾರೂ ಇರಲಿಲ್ಲ. ಅಂದಿನಿಂದ ದಿನಕ್ಕೆರಡು ಸಲ ಏನಾದರೂ ನೆವ ಮಾಡಿ ಅಲ್ಲಿಗೆ ಹೋಗಿ ಬರುತ್ತಿದ್ದಳು. ಅಮಾವಾಸ್ಯೆ ಹತ್ತಿರ ಬಂದಂತೆ ಅವಳಿಗೇ ಸಂಕಟ ಶುರುವಾಯಿತು. ಇನ್ನೊಂದು ನಾಲ್ಕು ದಿನ ಕೊಡೋಣವೆಂದರೆ ತಾನು ಆಡಿದ ಮಾತು ಅಡ್ಡ ಬಂತು.

ಅಮಾವಾಸ್ಯೆಗೆ ಎರಡು ದಿನವಿತ್ತು. ಮಡಿವಾಳೆಪ್ಪ ದನದ ಮನೆಯಲ್ಲಿ ಮೇವು ಕತ್ತರಿಸುತ್ತಿದ್ದ. ಕಣ್ಣು ತೊಟ್ಟಿಲ ಕಡೆ ಇತ್ತೇನೋ, ಕುಡಗೋಲು ಜಾರಿ ಎಡಗೈಯ ಬೆರಳು ಸೀಳಿತು. ಕೂಗು ಕೇಳಿ ಮಹಾದೇವಕ್ಕ ಸೆಗಣಿ ಕೈ ಝಾಡಿಸಿ ಓಡಿಬಂದಳು. ರಕ್ತ ಮೊಣಕೈವರೆಗೆ ಇಳಿದಿತ್ತು. ನೀರು ಸುರುವಿದಳು, ಬೆರಳು ಹಿಚುಕಿ ಹಿಡಿದಳು, ನಿಲ್ಲಲಿಲ್ಲ. ಆಗ ಅವಳ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಗಾಯವಾದಾಗ ಗೋಡೆಯ ಮೇಲಿನ ಜೇಡದ ಬಿಲ್ಲೆ ಕಿತ್ತು ಅಂಟಿಸುವುದು ಅವಳ ತಾಯಿ ಮಾಡುತ್ತಿದ್ದ ಮದ್ದು. ಹೊಲದಲ್ಲಿ, ಅಡಿಗೆಮನೆಯಲ್ಲಿ ಅವಳೇ ಎಷ್ಟು ಸಲ ಮಾಡಿದ್ದಳೋ. ಕೈಗೆ ಸಿಕ್ಕ ಬಿಲ್ಲೆಯನ್ನು ಚರಕ್ಕನೆ ಕಿತ್ತು ಗಂಡನ ಬೆರಳಿಗೆ ಮೆತ್ತಿ, ಸೆರಗಿನ ಚುಂಗು ಹರಿದು ಕಟ್ಟಿಬಿಟ್ಟಳು. ಚಪ್ಪಟೆ ಜೇಡ ಓಡಿ ಜಂತಿಯ ಸಂದಿಗೆ ಸೇರಿತು.

ಅದು ಓಡಿದ್ದನ್ನು ನೋಡಿದ ಮೇಲೆಯೇ ಅವಳಿಗೆ ತಾನು ಮಾಡಿದ್ದು ತಿಳಿಯಿತು.

ಮಡಿವಾಳೆಪ್ಪ ಖಾಲಿ ಹಲಗೆ ನೋಡಿದ, ತನ್ನ ಬೆರಳು ನೋಡಿದ.  

"ನನ್ನ ಕೈ ಮುರೀಲಿ," ಎಂದಳು ಮಹಾದೇವಕ್ಕ.  "ರೂಢಿರಿ. ರೂಢಿಲೆ ಹೋತು ಕೈ. ಬೇಕಂತ ಮಾಡಲಿಲ್ಲ ನಾ."

"ಗೊತ್ತೈತಿ," ಎಂದ ಅವನು. ಆಮೇಲೆ ಇದ್ದಕ್ಕಿದ್ದಂತೆ, "ತಡಿ, ಅಳಬ್ಯಾಡ. ಬೆರಳು ಕಚಗುಳಿ ಇಟ್ಟಂಗಾಗಾಕತ್ತೈತಿ," ಎಂದ.

ಗಂಟು ಬಿಚ್ಚಿದರು. ಬಿಲ್ಲೆಯ ಅಂಚು ಒಂದು ಕಡೆ ಹರಿದಿತ್ತು. ಅಲ್ಲಿಂದ ಎಳ್ಳಿಗಿಂತ ಸಣ್ಣ ಮರಿಯೊಂದು ಹೊರಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಹತ್ತು. ಒಳಗೆ ಆಗಲೇ ತಯಾರಾಗಿ ಕೂತಿದ್ದವು ಅವು. ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮುಂಗೈಗೆ, ಬಿಳಿ ರೋಮಗಳ ನಡುವೆ ದಾರಿ ಹುಡುಕುತ್ತ ಹರಿದವು. ಮಡಿವಾಳೆಪ್ಪ ಉಸಿರು ಬಿಗಿಹಿಡಿದು, ಎಡಗೈ ಚಾಚಿ, ಅದು ಅಲುಗದಂತೆ ಬಲಗೈಯಿಂದ ಹಿಡಿದು, ಕಂಬಕ್ಕೊರಗಿ ಕೂತ. ರಕ್ತ ತನ್ನಷ್ಟಕ್ಕೆ ನಿಂತಿತ್ತು. ಅವನ ಮುಖದ ಮೇಲಿನ ಖುಷಿ ನೋಡಿ ಮಹಾದೇವಕ್ಕನಿಗೆ ಅಳುವೋ ನಗುವೋ ತಿಳಿಯದಾಯಿತು.

ನೇತ್ರಾ ಓಡಿಬಂದು ನೋಡಿ, ಮೊದಲು ಫೋಟೋ ತೆಗೆದಳು, ಆಮೇಲೆ ಬಯ್ದಳು. ಗಾಯಕ್ಕೆ ಇಂಥದ್ದನ್ನು ಹಚ್ಚಬಾರದು, ಈಗಲೇ ದವಾಖಾನೆಗೆ ಹೋಗಿ ಇಂಜೆಕ್ಷನ್ ಮಾಡಿಸಬೇಕು ಎಂದಳು. ಮರಿಗಳು ಇಳಿಯುವವರೆಗೆ ಏಳುವುದಿಲ್ಲ ಎಂದು ಮಾವ ಹಟ ಹಿಡಿದ. ಬೆಳಿಗ್ಗೆಯಿಂದ ಒಂದು ಚಹಾದ ಮೇಲಿದ್ದ ಮನುಷ್ಯ. ಮಹಾದೇವಕ್ಕ ಕೈ ತೊಳೆದು, ಒಳಗಿನಿಂದ ಬಿಸಿ ರೊಟ್ಟಿ, ಝುಣಕ ತಂದು, ಮುರಿದು ಮುರಿದು ಅವನ ಬಾಯಿಗಿಟ್ಟಳು. ಮದುವೆಯ ದಿನ ಮಂದಿಯ ಒತ್ತಾಯಕ್ಕೆ ಒಂದು ತುತ್ತು ಇಟ್ಟಿದ್ದು ಬಿಟ್ಟರೆ, ಇದೇ ಮೊದಲು.

"ಯವ್ವಾ!"

ಬಾಗಿಲಲ್ಲಿ ಅಮೃತಾ ಹೊಟ್ಟೆ ಹಿಡಿದು ನಿಂತಿದ್ದಳು. ತೊಟ್ಟಿಲು ನೋಡಿದಳು, ಅಪ್ಪನ ಕೈ ನೋಡಿದಳು, ಅವ್ವನ ಕೈಯಲ್ಲಿನ ತುತ್ತು ನೋಡಿದಳು. ಮಹಾದೇವಕ್ಕ ಮುಚ್ಚಿಡಲಿಲ್ಲ. ಎಣ್ಣೆಯ ಮಾತು ಸುಳ್ಳೆಂದೂ, ಹದಿನೈದು ದಿನದಿಂದ ತೊಟ್ಟಿಲಲ್ಲಿ ಜೇಡ ಸಾಕಿದ್ದಾಗಿಯೂ, ಅದಕ್ಕೆ ತಾನೂ ನುಸಿ ಹಾಕಿದ್ದಾಗಿಯೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಕೊನೆಯ ಮಾತಿಗೆ ಮಡಿವಾಳೆಪ್ಪ ಅಗಿಯುವುದನ್ನು ನಿಲ್ಲಿಸಿ ಹೆಂಡತಿಯನ್ನು ನೋಡಿದ.

"ಹೋಗಾಕಿದ್ರ ಹೋಗವ್ವಾ. ತಪ್ಪು ನಂದ ಐತಿ," ಎಂದಳು ಮಹಾದೇವಕ್ಕ.

ಅಮೃತಾ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದಳು.  ಕೊನೆಗೆ ತಡೆಯಲಾರದೆ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಪ್ಪ ಮರಿ ಹಾಕ್ಯಾನ, ನೀ ಬಾಣಂತನ ಮಾಡಾಕತ್ತಿ. ನನ್ನ ಪಾಳಿ ಯಾವಾಗ?" ಎಂದಳು. ಆಮೇಲೆ ನಿಂತಲ್ಲಿಂದಲೇ ಕುತ್ತಿಗೆ ಚಾಚಿ, "ಅವರವ್ವ ಎಲ್ಲೈತಿ?" ಎಂದು ಕೇಳಿದಳು. ಮಹಾದೇವಕ್ಕ ಜಂತಿಯ ಸಂದಿ ತೋರಿಸಿದಳು.

"ಒಳಗ ಮಾತ್ರ ನಾ ಬರೂದಿಲ್ಲ. ತೊಟ್ಟಲಾ ಎರಡು ಸಲ ತೊಳಿಬೇಕು ಮತ್ತ."

"ಮೂರು ಸಲ ತೊಳೀತೀನಿ," ಎಂದಳು ಮಹಾದೇವಕ್ಕ. ಮಗಳು ಉಳಿದಳೆಂದು ಅವಳಿಗೆ ಆಗ ಖಾತ್ರಿಯಾಯಿತು.

ಮರಿಗಳನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಬಂತು. ಸಿಕ್ಕ ವಿಳಾಸ ತೊಟ್ಟಿಲು; ಅಲ್ಲಿಗೇ ಮುಟ್ಟಿಸಬೇಕಲ್ಲ ಎಂದು ಮಡಿವಾಳೆಪ್ಪ ನಿಜವಾಗಿಯೇ ಪೇಚಾಡಿದ.

"ಮಂದಿ ಮನಿ ಬದಲಿ ಮಾಡಿದ್ರ ಕಾಗದ ಏನ್ ಮಾಡ್ತಿದ್ರಿ?" ಎಂದು ಮಹಾದೇವಕ್ಕ ಕೇಳಿದಳು. "ಹೊಸಾ ವಿಳಾಸಕ್ಕ ಒಯ್ದ ಕೊಡ್ತಿದ್ರಿಲ್ಲೋ? ಅವರವ್ವ ಜಂತಿಗೆ ಹೋಗ್ಯಾಳ. ಅಲ್ಲಿಗೆ ಮುಟ್ಟಸ್ರಿ."

ಅವನು ಎದ್ದು, ಕೈಯನ್ನು ಜಂತಿಗೆ ತಾಗಿಸಿ ನಿಂತ. ಕೈ ಸೋಲದಿರಲೆಂದು ಮಹಾದೇವಕ್ಕ ಅವನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು ನಿಂತಳು. ಒಂದೊಂದೇ ಮರಿ ಇಳಿದು ಹೋಯಿತು. ಆಮೇಲೆ ನೇತ್ರಾ ಅವನನ್ನು ಸ್ಕೂಟರಿನ ಮೇಲೆ ದವಾಖಾನೆಗೆ ಕರೆದೊಯ್ದಳು. ಸಂಜೆ ಆಕಳಿಗೆ ನೀರಿಡಲು ಹೋದ ಮಹಾದೇವಕ್ಕ, ಜಂತಿಯ ಸಂದಿಯಲ್ಲಿ ಚಪ್ಪಟೆ ಜೇಡ ನೊಣವೊಂದನ್ನು ಹಿಡಿದು ಕೂತದ್ದನ್ನು ಕಂಡಳು. ಒಳಗೆ ಬಂದು, ಆಕೆ ಉಂಡಳು ಎಂದು ಗಂಡನಿಗೆ ಹೇಳಿದಳು.

ಒಂಬತ್ತು ದಿನಕ್ಕೆ ಅಮೃತಾ ಹೆಣ್ಣು ಹಡೆದಳು. ಅಂಟಿನ ಉಂಡಿ, ಅಳವಿ ಪಾಯಸ, ಎಣ್ಣೆ ನೀರು, ಲೋಬಾನದ ಹೊಗೆ, ಯಾವುದಕ್ಕೂ ಕಡಿಮೆ ಬೀಳದಂತೆ ಮಹಾದೇವಕ್ಕ ಓಡಾಡಿದಳು. ಹದಿಮೂರನೇ ದಿನ ಕುಂದಗೋಳದವರು ಬಂದರು. ಮೂರು ಸಲ ತೊಳೆದು, ನಿಜವಾಗಿಯೂ ಅಗಸಿ ಎಣ್ಣೆ ಹಚ್ಚಿದ ತೊಟ್ಟಿಲಿಗೆ ಕೂಸನ್ನು ಹಾಕಿದರು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿ, ರೂಢಿಯಂತೆ ಹೆಂಗಸರಿಂದ ಬೆನ್ನಿಗೆ ಗುದ್ದು ತಿಂದಳು.

ಬೀಗರು ಊಟಕ್ಕೆ ಕೂತ ಮೇಲೆ ಮಹಾದೇವಕ್ಕ ಕೂಸನ್ನು ನೋಡಲು ಬಂದಳು. ತೊಟ್ಟಿಲ ಸರಪಳಿಗೆ ಒಂದು ಚೀಟಿ ಕಟ್ಟಿತ್ತು. ನಾಲ್ಕನೇ ಇಯತ್ತೆ ಓದಿದ ಅವಳು ಅಕ್ಷರ ಕೂಡಿಸಿ ಓದಿದಳು. ಸಿಕ್ಕ ದಿನವಿತ್ತು, ಸಿಕ್ಕ ವಿಳಾಸವಿತ್ತು: "ಮಹಾದೇವಕ್ಕನ ಮನೆ, ಮಿಶ್ರಿಕೋಟಿ." ಕೆಳಗೆ, ಮುಟ್ಟಿಸಬೇಕಾದ ವಿಳಾಸ: "ತಂದೆಯ ಮನೆ, ಕುಂದಗೋಳ."

ಅವಳ ಕಣ್ಣು ಆ ಕೊನೆಯ ಸಾಲಿನ ಮೇಲೆ ನಿಂತುಹೋಯಿತು. ಗಂಡ ಹಿಂದೆ ಬಂದು ನಿಂತಿದ್ದ.

"ಹದಿನೈದು ದಿನದ ಲೆಕ್ಕ ಇದಕ್ಕ ನಡಿಯೂದಿಲ್ಲ," ಎಂದಳು ಅವಳು, ತಿರುಗಿ ನೋಡದೆ. "ಬಾಣಂತನ ಅಂದ್ರ ಐದು ತಿಂಗಳು."

"ಗೊತ್ತೈತಿ. ಅದಕ್ಕ ಕಳಿಸೂ ತಾರೀಖು ಬರದಿಲ್ಲ, ನೋಡು."

ಮಹಾದೇವಕ್ಕ ಚೀಟಿಯನ್ನು ಇನ್ನೊಮ್ಮೆ ನೋಡಿದಳು. ತಾರೀಖಿನ ಜಾಗ ಖಾಲಿಯಿತ್ತು. ದಾರ ಸಡಿಲವಾಗಿದೆಯೆಂದು ಬಿಚ್ಚಿ, ಮತ್ತೆ ಸರಪಳಿಗೆ ಕಟ್ಟಿದಳು. ಲಗೂನ ಬಿಚ್ಚಲು ಬಾರದಂತೆ ಎರಡು ಗಂಟು ಹಾಕಿದಳು.